ಒಂದೇ ಕುರ್ಚಿಯ ಬೆಳಗು

ಹೆಬ್ಬೆರಳು ಮತ್ತೆ ತಟ್ಟುತ್ತಿದೆ, ಅವಳ ಎಡಗಾಲಿನ ಹೆಬ್ಬೆರಳು, ಎತ್ತರದ ಕುರ್ಚಿಯ ಅಡ್ಡಪಟ್ಟಿಯ ಮೇಲೆ, ಬಣ್ಣ ಎದ್ದುಹೋದ ಆ ಮರದ ಮೇಲೆ, ಟಕ್ ಟಕ್ ಟಕ್, ನನ್ನ ತಲೆಗಿಂತ ಒಂದು ಗೇಣು ಮೇಲೆ — ಮುಖ ಕಾಣುವುದಿಲ್ಲ ನನಗೆ, ಕುರ್ಚಿಯ ಬುಡದಲ್ಲಿ ಕುಳಿತವಳಿಗೆ ಕಾಣುವುದು ಪಾದ ಮಾತ್ರ, ಪಾದ ಕಂಡರೆ ಸಾಕು, ಹುಟ್ಟಿದ ದಿನವೂ ನಾನು ಮೊದಲು ಮುಟ್ಟಿದ್ದು ಈ ಪಾದವನ್ನೇ, ನರ್ಸು ಬಟ್ಟೆ ಸುತ್ತುವಾಗ ಒಂದು ಕಾಲು ಹೊರಗೇ ಉಳಿದು ಗಾಳಿಯನ್ನು ಒದೆಯುತ್ತಿತ್ತು, ಇದು ನಿಮ್ಮ ಮೊಮ್ಮಗಳೇ ಅಮ್ಮ, ಅನುಮಾನವೇ ಬೇಡ, ಮಲಗೋಕೆ ಒಪ್ತಾ ಇಲ್ಲ, ಎಂದು ಆ ನರ್ಸು ನಕ್ಕು ಬಟ್ಟೆಯನ್ನು ಸಡಿಲವಾಗಿಯೇ ಬಿಟ್ಟಳು — ಹೆದರಿದಾಗ ಹೀಗೆ ತಟ್ಟುತ್ತಾಳೆ, ಪರೀಕ್ಷೆಯ ಬೆಳಗ್ಗೆ ಊಟದ ಮೇಜಿನ ಕೆಳಗೂ ಇದೇ ಸದ್ದು. ಕಡ್ಡಿ, ಟೀ ಬೇಕೇನೇ. ಬೇಡ ಅಜ್ಜಿ. ಒಂದೇ ಒಂದು ಗುಟುಕು. ಬೇಡ ಅಂದ್ನಲ್ಲ. ಇಷ್ಟನ್ನೂ ಅವಳು ನೀರಿಗೇ ಹೇಳಿದಳು, ನನ್ನ ಕಡೆ ತಿರುಗಲಿಲ್ಲ, ತಿರುಗಬಾರದು, ಅದು ಈ ಲೈಫ್‌ಗಾರ್ಡ್‌ಗಳ ನೇಮ, ಕುರ್ಚಿಯ ಮೇಲಿರುವವರು ಯಾರ ಜೊತೆ ಮಾತಾಡಿದರೂ ಕಣ್ಣು ಮಾತ್ರ ಕೆರೆಯ ಮೇಲೆ, ಅಪ್ಪ ಬಂದು ನಿಂತರೂ ಅಷ್ಟೆ, ದೇವರು ಬಂದು ನಿಂತರೂ ಅಷ್ಟೆ, ಮತ್ತೆ ಆ ಅಭ್ಯಾಸ ಮನೆಗೂ ಬಂದುಬಿಟ್ಟಿದೆ, ಊಟಕ್ಕೆ ಕೂತರೆ ಕಿಟಕಿಯಾಚೆ ನೋಡುತ್ತಾ ಮಾತಾಡುತ್ತಾಳೆ, ತುತ್ತು ಬಾಯಿಗಿಡ್ತೀಯೋ ಕಿವಿಗಿಡ್ತೀಯೋ ಅಂತ ನನ್ನ ಮಗಳು, ಅವಳಮ್ಮ, ರೇಗುತ್ತಾಳೆ, ಒಮ್ಮೆ ನೆಂಟರ ಮನೆಯಲ್ಲಿ ಒಬ್ಬಾಕೆ ನನ್ನನ್ನು ಪಕ್ಕಕ್ಕೆ ಕರೆದು, ನಿಮ್ಮ ಮೊಮ್ಮಗಳಿಗೆ ಏನ್ರೀ ಅಷ್ಟು ಜಂಬ, ಮುಖ ಕೊಟ್ಟು ಮಾತಾಡಲ್ವಲ್ಲ, ಎಂದರು, ನಾನು ಸುಮ್ಮನೆ ನಕ್ಕೆ, ಅವರ ಹೆಗಲ ಮೇಲಿಂದ ಕಡ್ಡಿ ನೋಡುತ್ತಿದ್ದದ್ದು ಹಿತ್ತಲ ನೀರಿನ ತೊಟ್ಟಿಯನ್ನು, ಅದರ ಅಂಚು ಹಿಡಿದು ಬಗ್ಗಿದ್ದ ಅದೇ ಆಕೆಯ ಪುಟ್ಟ ಮಗುವನ್ನು.

ಕಡ್ಡಿ ಎಂದು ಹೆಸರಿಟ್ಟವಳು ನಾನೇ, ಆಗ ನಿಜಕ್ಕೂ ಕಡ್ಡಿಯೇ, ಗಾಳಿ ಬೀಸಿದರೆ ಹಿಡಿದುಕೊಳ್ಳಬೇಕು ಎನ್ನುವ ಹಾಗಿದ್ದಳು, ಈಗ ಆ ಹೆಗಲುಗಳನ್ನು ನೋಡಿದರೆ ಬಾಗಿಲಿನ ಚೌಕಟ್ಟೇ ದಾರಿ ಬಿಡಬೇಕು, ಆದರೂ ಹೆಸರು ಬಿಟ್ಟು ಹೋಗಿಲ್ಲ, ಇವಳ ಜೊತೆಗಾರರೂ ಹಾಗೇ ಕರೆಯುತ್ತಾರೆ, ಕಡ್ಡಿ, ಆ ಕಡೆ ನೋಡು, ಕಡ್ಡಿ, ಹಗ್ಗ ಎಳಿ — ಆ ಕಡೆ, ದಡದ ಇನ್ನೊಂದು ತುದಿಯಲ್ಲಿ, ಎರಡನೆಯ ಕುರ್ಚಿ ಇದೆ, ಇವತ್ತು ಅದು ಖಾಲಿ, ಅದರ ಮೇಲೆ ಒಂದು ಕಾಗೆ ಕೂತು ಆಗಾಗ ತಲೆ ಓರೆ ಮಾಡಿ ನೀರು ನೋಡುತ್ತಿದೆ, ಅಷ್ಟಾದರೂ ಕಾವಲಿದೆಯಲ್ಲ ಎಂದುಕೊಂಡೆ, ಹೇಳಲಿಲ್ಲ, ಇವತ್ತು ತಮಾಷೆ ನಡೆಯುವ ದಿನವಲ್ಲ. ಇವತ್ತು ಪ್ರಯೋಗ. ಪ್ರತಿ ರಜಾದಿನ ಎರಡು ಕುರ್ಚಿಗಳಲ್ಲಿ ಇಬ್ಬರು, ಉಳಿದವರು ದಡದ ಉದ್ದಕ್ಕೂ ಓಡಾಡುತ್ತಾ ಕಾಯುವುದು ನಡೆದುಬಂದ ಪದ್ಧತಿ, ಈ ಬೆಳಗ್ಗೆ ಮಾತ್ರ ಒಂದೇ ಕುರ್ಚಿ, ಅದರಲ್ಲಿ ಇವಳು, ಮಿಕ್ಕ ನಾಲ್ವರೂ ಅಲ್ಲಿ, ಸೊಂಟಮಟ್ಟದ ನೀರಿನಲ್ಲಿ, ತೇಲುಗುಂಡು ಕಟ್ಟಿದ ಹಗ್ಗದ ಪಕ್ಕ, ಒಂದು ಸಾಲು ಮಕ್ಕಳನ್ನು ನಿಲ್ಲಿಸಿಕೊಂಡು ಪಾಠ ಹೇಳುತ್ತಿದ್ದಾರೆ, ಎಲ್ಲ ಸರಿಯಾಗಿ ನಡೆದರೆ ಬೇಸಿಗೆ ಪೂರ್ತಿ ಹೀಗೇ, ಊರಿನ ಎಲ್ಲ ಶಾಲೆಗಳ ಮಕ್ಕಳೂ ಸರದಿಯಲ್ಲಿ ಬರುತ್ತಾರೆ, ಸರಿಯಾಗದಿದ್ದರೆ ಸಂಜೆ ಎಲ್ಲರೂ ಸೇರಿ ಕೈಯೆತ್ತಿ ಇದನ್ನು ಮುಗಿಸಿಬಿಡುತ್ತಾರೆ. ಸರಿಯಾಗದಿದ್ದರೆ ಎಂದರೆ ಏನು ಎಂದು ಯಾರೂ ಬಾಯಿ ಬಿಟ್ಟು ಹೇಳಿಲ್ಲ. ಈ ಕೆರೆ ಪ್ರತಿ ಬೇಸಿಗೆ ಒಬ್ಬಿಬ್ಬರನ್ನು ತನ್ನಲ್ಲೇ ಇಟ್ಟುಕೊಳ್ಳಲು ನೋಡುತ್ತದೆ. ಇವತ್ತು ಇಟ್ಟುಕೊಂಡರೆ, ಒಂದು ಕುರ್ಚಿ ಖಾಲಿಯಿದ್ದ ಬೆಳಗ್ಗೆ ಇಟ್ಟುಕೊಂಡರೆ, ಪಾಠವೂ ಮುಗಿಯಿತು, ನನ್ನ ಕಡ್ಡಿಯೊಳಗೆ ಏನೋ ಒಂದು ಮುರಿಯಿತು — ಅದಕ್ಕೇ ಅವಳಮ್ಮ ಬರಲಿಲ್ಲ, ನನ್ನ ಕೈಲಿ ನೋಡೋಕಾಗಲ್ಲಮ್ಮ, ನೀನೇ ಹೋಗು, ಎಂದಳು, ಫ್ಲಾಸ್ಕು ತುಂಬಿಸಿ ಕೊಟ್ಟಳು, ಬಿಸ್ಕತ್ತಿನ ಪೊಟ್ಟಣದ ಪಕ್ಕ ಯಾರಿಗೂ ಹೇಳದೆ ಒಂದು ಒಣ ಟವೆಲ್ಲನ್ನೂ ಇಟ್ಟಿದ್ದಾಳೆ, ಈಗ ತಾನೇ ಕೈಗೆ ಸಿಕ್ಕಿತು.

ಈ ಪ್ರಯೋಗದ ಜಗಳ ಆದದ್ದು ನಮ್ಮ ಮನೆಯ ಮುಂದಿನ ಕೋಣೆಯಲ್ಲೇ, ಇವರ ಸಂಘಕ್ಕೆ ಸ್ವಂತ ಕೋಣೆಯಿಲ್ಲ, ದಡದ ಗೂಡಿನಲ್ಲಿ ಹಗ್ಗ, ತೇಲುವ ಹಲಗೆ ಇಟ್ಟರೆ ಮನುಷ್ಯರಿಗೆ ಜಾಗವಿಲ್ಲ, ನಾನು ಅಡುಗೆಮನೆಯಲ್ಲಿ ಲೋಟ ತೊಳೆಯುತ್ತಾ ಕೇಳಿಸಿಕೊಂಡೆ, ತೊಳೆದ ಲೋಟಗಳನ್ನೇ ಮತ್ತೆ ತೊಳೆದೆ. ವಾರವೆಲ್ಲ ಬೇಕರಿಯಲ್ಲಿ ಹಿಟ್ಟು ನಾದುವ ಹುಡುಗ, ತೋಳು ನೋಡಿದರೆ ಗೊತ್ತಾಗುತ್ತದೆ, ಅವನು ಹೇಳಿದ, ನೋಡು ಕಡ್ಡಿ, ಇವತ್ತು ಮುಳುಗೋನು ಇವತ್ತೇ ಮುಳುಗ್ತಾನೆ, ಅವನಿಗೆ ಹೋಗಿ ಸ್ವಲ್ಪ ತಡ್ಕೊಳಪ್ಪ, ಹತ್ತು ವರ್ಷ ಆದ್ಮೇಲೆ ಎಲ್ಲ ಸರಿಹೋಗುತ್ತೆ ಅಂತ ಹೇಳೋಕಾಗುತ್ತಾ. ಇವಳು ತಕ್ಷಣ, ಹತ್ತು ವರ್ಷ ಆದ್ಮೇಲೆ ಮುಳುಗೋನಿಗೂ ಅವತ್ತು ಇವತ್ತೇ ಕಣೋ. ನನ್ನ ಕೈಯಲ್ಲಿದ್ದ ಲೋಟ ನಲ್ಲಿಯ ಕೆಳಗೇ ತುಂಬಿ ಹರಿಯಿತು. ಆಮೇಲೆ ನರ್ಸಿಂಗ್ ಓದುವ ಹುಡುಗಿ, ಸಣ್ಣ ದನಿಯವಳು, ನಮ್ಮ ಆಸ್ಪತ್ರೇಲೂ ಇದೇ ಗೋಳು, ಮಂಚದ ಮೇಲೆ ನರಳೋರಿಗೇ ಕೈ ಸಾಲಲ್ಲ, ಬೀದಿ ಬೀದಿಗೆ ಲಸಿಕೆ ಹಾಕೋಕೆ ಯಾರನ್ನ ಕಳಿಸೋದು ಅಂತ, ಕಳಿಸದೇ ಇದ್ರೆ ಮುಂದಿನ ವರ್ಷ ಮಂಚಾನೇ ಸಾಲಲ್ಲ. ಹಾಗಾದ್ರೆ ನೀನು ಯಾರ ಕಡೆ, ಎಂದ ಬೇಕರಿಯವನು. ಗೊತ್ತಿಲ್ಲ, ಅದಕ್ಕೇ ನಿದ್ದೆ ಬರ್ತಿಲ್ಲ, ಎಂದಳು ಅವಳು, ಆ ಮಾತು ಕೇಳಿ ಅವಳ ಟೀಗೆ ಇನ್ನೊಂದು ಚಮಚ ಸಕ್ಕರೆ ಹಾಕಿದೆ. ಆಗ ಸೀಟಿ ಮಾಮ — ಸಂಘ ಕಟ್ಟಿದವರು, ಈಗ ಮಂಡಿನೋವು, ನಾಯಕತ್ವ ಕಡ್ಡಿಗೆ ಬಿಟ್ಟಿದ್ದಾರೆ, ಆದರೂ ಕುತ್ತಿಗೆಯ ಸೀಟಿ ತೆಗೆದಿಲ್ಲ, ಸ್ನಾನಕ್ಕೂ ತೆಗೆಯುವುದಿಲ್ಲ ಎಂದು ಹುಡುಗರು ಆಣೆ ಮಾಡುತ್ತಾರೆ — ಅವರು ಹೇಳಿದರು, ನೀವು ಕಲಿಸೋ ಮಕ್ಕಳು ದೊಡ್ಡೋರಾಗಿ ನೀರಿಗೆ ಬೀಳ್ತಾರೋ ಬೀಳಲ್ವೋ ಯಾರು ಕಂಡೋರು, ಆದ್ರೆ ಬರೋ ರಜೆ ದಿನ ಈ ಕೆರೇಲಿ ಯಾವನೋ ಒಬ್ಬ ಕೈ ಎತ್ತೇ ಎತ್ತುತ್ತಾನೆ, ಕೈ ಎತ್ತಿದೋನನ್ನ ಬಿಟ್ಟು ಎತ್ತದೇ ಇರೋನ ಹತ್ರ ಓಡೋದು ಯಾವ ಊರಿನ ನ್ಯಾಯ. ಬಿಡ್ತೀನಿ ಅನ್ನಲಿಲ್ಲ ಮಾಮ, ಎಂದಳು ಕಡ್ಡಿ. ಎರಡು ಕಣ್ಣಲ್ಲಿ ಒಂದು ಮುಚ್ಚಿದ ಮೇಲೆ ಬಿಟ್ಟ ಹಾಗೇ ಕಣಮ್ಮ. ನಾವು ಕೂರೋದು ಈ ದಡದಲ್ಲಿ ಮಾತ್ರ ಮಾಮ, ಮಕ್ಕಳು ಬೀಳೋದು ಕಾಲುವೇಲಿ, ಕಲ್ಲುಕ್ವಾರಿ ಗುಂಡೀಲಿ, ಅಲ್ಲೆಲ್ಲ ಕುರ್ಚಿ ಹಾಕೋಕಾಗುತ್ತಾ, ನಾವು ಇಲ್ಲದ ಕಡೆ ಅವರ ಜೊತೆ ಏನು ಹೋಗುತ್ತೆ ಹೇಳಿ. ಇವಳ ದನಿ ನಡುಗಿತು, ನಡುಗಿದರೂ ನಿಲ್ಲಲಿಲ್ಲ, ಇರೋ ಒಂದು ಕುರ್ಚೀಲಿ ನಾನೇ ಕೂರ್ತೀನಿ, ಏನಾದ್ರೂ ಆದ್ರೆ ನನ್ನ ತಲೆ ಮೇಲೆ ಬರಲಿ. ಪಾಠ ಹೇಳುವುದೆಂದರೆ ಅವಳಿಗೆ ಪ್ರಾಣ, ಮಕ್ಕಳೂ ಅವಳ ಬೆನ್ನು ಬಿಡುವುದಿಲ್ಲ, ಆದರೂ ಪಾಠವನ್ನು ಬೇರೆಯವರಿಗೆ ಕೊಟ್ಟು ಬೈಗುಳದ ಜಾಗವನ್ನು ತಾನಿಟ್ಟುಕೊಂಡಳು, ಆ ಹೊತ್ತು ಕೋಣೆಗೆ ಹೋಗಿ ಅವಳ ತಲೆ ಸವರಬೇಕು ಅನ್ನಿಸಿತು, ಹೋಗಲಿಲ್ಲ, ಜೊತೆಗಾರರ ಮುಂದೆ ಅಜ್ಜಿ ತಲೆ ಸವರಿದರೆ ನಾಯಕಿಯ ಮರ್ಯಾದೆ ಏನಾಗಬೇಕು.

ಇವರ ವಯಸ್ಸಿನಲ್ಲಿ ನಾನು ಕಾಲೇಜಿನ ಚರ್ಚಾಕೂಟದಲ್ಲಿ ನಿಂತು ವಿಜ್ಞಾನ ವರವೋ ಶಾಪವೋ ಎಂದು ಮಾತಾಡಿದ್ದೇನೆ, ವರ ಎಂದು ವಾದಿಸಿ ಒಂದು ಕಪ್ಪನ್ನೂ ಗೆದ್ದಿದ್ದೇನೆ, ಈಗ ಅದರಲ್ಲಿ ಪೆನ್ನು, ಕತ್ತರಿ ಇಡುತ್ತೇವೆ, ಚಪ್ಪಾಳೆ ಬಿತ್ತು, ವಂದನಾರ್ಪಣೆಯಾಯಿತು, ಎಲ್ಲರೂ ಬಸ್ಸು ಹಿಡಿದು ಮನೆಗೆ ಹೋದೆವು, ಗೆದ್ದ ಮೇಲೆ ಎದ್ದುಹೋಗಿ ಮಾಡಬೇಕಾದದ್ದು ಏನೂ ಇರಲಿಲ್ಲ — ಈ ಹುಡುಗರು ವಾದ ಮುಗಿಸಿ ಬೆಳಗ್ಗೆ ಬಂದು ಅದರೊಳಗೆ ಇಳಿದಿದ್ದಾರೆ, ಸೊಂಟದವರೆಗೆ. ನಮ್ಮ ಯಜಮಾನರು ಇದ್ದಿದ್ದರೆ ಕಡ್ಡಿಯ ಪಕ್ಷ ವಹಿಸುತ್ತಿದ್ದರು, ಅನುಮಾನವಿಲ್ಲ, ಆರೋಗ್ಯ ಇಲಾಖೆಯಲ್ಲಿ ಅವರ ಕೆಲಸವೇ ಅದು, ಕುಡಿಯುವ ನೀರಿಗೆ ಬ್ಲೀಚಿಂಗ್ ಪೌಡರ್ ಹಾಕಿಸುವುದು, ಹೋದ ಕಡೆಯೆಲ್ಲ ಬೈಗುಳ, ವಾಸನೆ ಸ್ವಾಮಿ, ನೀರು ಬಾಯಿಗಿಡೋಕಾಗಲ್ಲ, ಪಕ್ಕದ ಮನೆಯ ಆಪರೇಷನ್ ಡಾಕ್ಟರಿಗೆ ಮಾತ್ರ ವಾರಕ್ಕೊಂದು ಹಣ್ಣಿನ ಬುಟ್ಟಿ, ಒಳ್ಳೆಯ ಮನುಷ್ಯ ಆ ಡಾಕ್ಟರು, ಅರ್ಧ ಹಣ್ಣನ್ನು ಗೋಡೆಯ ಮೇಲಿಂದ ನಮಗೇ ದಾಟಿಸುತ್ತಿದ್ದರು, ಇದು ನಿಮ್ಮ ಪಾಲು, ನೀವು ಇಲ್ದಿದ್ರೆ ನನಗೆ ಉಸಿರಾಡೋಕೂ ಪುರುಸೊತ್ತು ಇರ್ತಿರಲಿಲ್ಲ ಅನ್ನುತ್ತಿದ್ದರು, ನಮ್ಮವರು ಹಣ್ಣು ಕಚ್ಚುತ್ತಾ ನನಗೆ ಹೇಳುತ್ತಿದ್ದರು, ಬರದೇ ಇದ್ದ ಕಾಲರಾಕ್ಕೆ ಯಾರು ಹಾರ ಹಾಕ್ತಾರೆ ಹೇಳು, ಉಳಿದೋರಿಗೇ ಗೊತ್ತಿಲ್ಲ ತಾವು ಉಳಿದಿದ್ದೀವಿ ಅಂತ. ಆದರೆ ನಾನು, ನಾನು ಯಾರ ಪಕ್ಷ — ಪ್ರಾಮಾಣಿಕವಾಗಿ ಹೇಳಬೇಕೆಂದರೆ ನಾನು ಸೀಟಿ ಮಾಮನ ಪಕ್ಷ, ಎದುರಿಗೆ ಒಬ್ಬರು ಒದ್ದಾಡುತ್ತಿದ್ದರೆ ನನಗೆ ಬೇರೆ ಯಾವ ಲೆಕ್ಕವೂ ತಲೆಗೆ ಹತ್ತುವುದಿಲ್ಲ, ಬಸ್ಸಿನಲ್ಲಿ ಮಗು ಅತ್ತರೆ ನನ್ನ ನಿಲ್ದಾಣ ದಾಟಿಹೋಗುತ್ತದೆ, ಅಂಥವಳು ನಾನು, ಅಂಥವಳ ಮೊಮ್ಮಗಳು ಇನ್ನೂ ಅಳದ ಮಕ್ಕಳ ಅಳು ಕೇಳಿಸಿಕೊಳ್ಳುತ್ತಾಳೆ, ಎಲ್ಲಿಂದ ಬಂತು ಇವಳಿಗೆ ಈ ಕಿವಿ.

ನೀರಿನಲ್ಲಿ ನಗು ಎದ್ದಿತು, ಬೇಕರಿಯವನು ಮಲಗಿ ತೋರಿಸುತ್ತಿದ್ದಾನೆ, ಹೊಟ್ಟೆ ಉಬ್ಬಿಸಿ, ಕೈಕಾಲು ಅಗಲಿಸಿ, ಬನ್ನಿನ ಹಾಗೆ ತೇಲುತ್ತಿದ್ದಾನೆ — ಮೊದಲ ಪಾಠ ಈಜುವುದಲ್ಲವಂತೆ, ಮಲಗುವುದಂತೆ, ಮಲಗೋದು ಕಲಿಸೋಕೆ ಶಾಲೆ ಬೇರೆ ಬೇಕಾ, ನಮ್ಮನೆಯವರನ್ನ ಕಳಿಸಿ, ಮೊದಲನೇ ದಿನವೇ ಮೇಷ್ಟ್ರಾಗ್ತಾರೆ, ಎಂದು ನನ್ನ ಮಗಳು ಹೇಳಿದಾಗ ಅಳಿಯ ಸೋಫಾದಿಂದಲೇ ಕೈ ಎತ್ತಿ ಒಪ್ಪಿಗೆ ಸೂಚಿಸಿದ್ದ. ದಣಿವಾದರೆ ಒದ್ದಾಡಬೇಡಿ, ಬೆನ್ನ ಮೇಲೆ ಮಲಗಿ, ಕಿವಿ ನೀರೊಳಗೆ, ಮೂಗು ಆಕಾಶಕ್ಕೆ, ನೀರು ತಾನಾಗಿ ಎತ್ತಿ ಹಿಡಿಯುತ್ತೆ, ಅದನ್ನ ನಂಬಿ — ನರ್ಸಿಂಗ್ ಹುಡುಗಿಯ ಸಣ್ಣ ದನಿ ನೀರಿನ ಮೇಲೆ ಎಷ್ಟು ದೂರ ಬರುತ್ತದೆ. ಉದ್ದ ಸೀಟಿ ಕೇಳಿದ್ರೆ ಏನು ಮಾಡ್ತೀರಿ. ಮಲಗ್ತೀವಿ. ಓಡ್ತೀರಾ. ಇಲ್ಲಾ. ಯಾಕೆ. ದೊಡ್ಡೋರು ಓಡಿ ಬಂದು ನಮ್ಮನ್ನ ತುಳೀತಾರೆ. ಯಾವಾಗ ಏಳ್ತೀರಿ. ತಲೆ ಮುಟ್ಟಿದಾಗ. ಯಾರಾದ್ರೂ ಕೂಗಿದ್ರೆ. ಕೇಳಿಸಲ್ಲಾ ಅಕ್ಕಾ, ಕಿವಿ ನೀರೊಳಗಿರುತ್ತೆ. ಭೇಷ್. ಇದನ್ನು ಅವರು ಹಗ್ಗದ ಪಕ್ಕ ಮತ್ತೆ ಮತ್ತೆ ಮಾಡಿಸುತ್ತಾರೆ, ಮಲಗಿದ ಪ್ರತಿಯೊಂದು ತಲೆಯನ್ನೂ ಹೋಗಿ ಮುಟ್ಟುತ್ತಾರೆ, ಸೀಟಿ ಊದಿದಾಗ ಇಬ್ಬರು ಮಾತ್ರ ಓಡಿಹೋಗಬೇಕು, ಇಬ್ಬರು ಮಕ್ಕಳ ಹತ್ತಿರವೇ ಉಳಿಯಬೇಕು, ಅದು ಇವರೇ ಮಾಡಿಕೊಂಡ ಕಟ್ಟಳೆ. ಹಿಂದೆ ಕಡಲೆಕಾಯಿ ಅಂಗಡಿಯ ನೆರಳಲ್ಲಿ ಯಾರೋ ಪೇಪರು ಓದುತ್ತಾ ಕೂತಿದ್ದಾರೆ, ಇಸ್ತ್ರಿ ಮಾಡಿದ ಪ್ಯಾಂಟು, ಪಾಲಿಶು ಮಾಡಿದ ಬೂಟು, ಕೆರೆಗೆ ಬರುವ ಉಡುಪಲ್ಲ, ಆಗಿನಿಂದ ಒಂದು ಹಾಳೆಯೂ ತಿರುಗಿಲ್ಲ — ಅಯ್ಯೋ, ಅವರೇ, ಸೀಟಿ ಮಾಮ, ಜಗಳದ ಕೊನೆಗೆ ಒಂದೇ ಕುರ್ಚಿಯ ಕೆರೆ ನನ್ನ ಕೆರೆಯಲ್ಲ, ನಾನು ಆ ಕಡೆ ತಲೆ ಹಾಕಲ್ಲ ಎಂದು ಹೇಳಿ ಎದ್ದು ಹೋಗಿದ್ದವರು, ನಾನು ನೋಡಿದ್ದು ನೋಡಿ ಪೇಪರು ಇನ್ನಷ್ಟು ಮೇಲೆತ್ತಿದರು, ಹೇಳಲೇ ಕಡ್ಡಿಗೆ, ಬೇಡ, ಬೂಟು ಹಾಕಿಕೊಂಡು ಬಂದವರ ಮಾನ ನಾನೇಕೆ ಕಳೆಯಲಿ.

ತಟ್ಟುವುದು ನಿಂತಿತು. ಮೊದಲು ಗೊತ್ತಾದದ್ದು ಅದೇ, ಹೆಬ್ಬೆರಳಿನ ಸದ್ದಿಲ್ಲ, ಪಾದ ಬಿಗಿಯಾಗಿದೆ, ನಾನು ನೀರು ನೋಡಿದೆ, ಏನೂ ಇಲ್ಲ, ಹಗ್ಗದಾಚೆ ದೂರದಲ್ಲಿ, ಖಾಲಿ ಕುರ್ಚಿಯ ಕಡೆ, ಒಬ್ಬ ದಪ್ಪ ಮನುಷ್ಯ ನಿಂತುಕೊಂಡಿದ್ದಾನೆ ಅಷ್ಟೆ, ಗಲ್ಲದವರೆಗೆ ನೀರು, ಬಾಯಿ ತೆರೆದಿದೆ, ಕೂಗುತ್ತಿಲ್ಲ, ಅಲ್ಲ, ಅಲ್ಲಿ ನಿಲ್ಲುವುದು ಹೇಗೆ, ಅಲ್ಲಿ ನೆಲವೇ ಸಿಗುವುದಿಲ್ಲ — ಮುಳುಗುವವರು ಕೂಗುವುದಿಲ್ಲ ಅಜ್ಜಿ, ಅವರಿಗೆ ಉಸಿರೇ ಸಾಲಲ್ಲ ಎಂದು ಇವಳು ಎಂದೋ ಹೇಳಿದ್ದು — ಉದ್ದ ಸೀಟಿ, ನನ್ನ ಎದೆಯನ್ನೇ ಸೀಳಿದ ಹಾಗೆ, ಮರಳು ನನ್ನ ಮುಖಕ್ಕೆ ಚಿಮ್ಮಿತು, ಇವಳು ಕುರ್ಚಿಯಿಂದ ನೆಗೆದಾಗಿತ್ತು, ಓಡಿದಳು, ನೀರು ಒಡೆಯಿತು, ಜನ ಬೊಬ್ಬೆ ಹಾಕುತ್ತಾ ದಡಕ್ಕೆ ನುಗ್ಗಿದರು, ಒಂದು ಕೈ, ಇನ್ನೊಂದು ಕೈ, ಅವಳ ಕೈಗಳು, ಎಷ್ಟು ದೂರ ಇದೆ ಇನ್ನೂ, ಆ ದೇಹ ಇವಳಿಗಿಂತ ಎರಡರಷ್ಟಿದೆಯಲ್ಲ, ಹಿಡಿದು ಕೆಳಗೆ ಎಳೆದರೆ — ನಾನು ಎದ್ದು ನಿಂತಿದ್ದೆ, ಪಕ್ಕದಲ್ಲಿ ನಾಲ್ವರು ಓಡುತ್ತಿದ್ದರು, ಹಲಗೆ ಹಿಡಿದು, ಹಗ್ಗ ಹಿಡಿದು, ಬೇಕರಿಯವನು, ನರ್ಸಿಂಗ್ ಹುಡುಗಿ, ಉಳಿದಿಬ್ಬರು, ನಾಲ್ವರೂ — ನಾಲ್ವರೂ. ನನ್ನ ತಲೆಯಲ್ಲಿ ಆ ಮಾತು ಎರಡು ಸಲ ಬಿತ್ತು. ಮಕ್ಕಳ ಹತ್ತಿರ ಯಾರು. ತಿರುಗಿ ನೋಡಿದೆ. ಜನ ಹೊರಟುಹೋಗಿ ಬರಿದಾದ ನೀರು, ಹಗ್ಗ, ಹಗ್ಗದ ಪಕ್ಕ ಒಂದು ಸಾಲು ಚಿಕ್ಕ ಮುಖಗಳು, ಆಕಾಶಕ್ಕೆ ತಿರುಗಿದ ಮುಖಗಳು, ಮಲಗಿಬಿಟ್ಟಿವೆ, ಹೇಳಿಕೊಟ್ಟ ಹಾಗೆ, ಒಂದೂ ಅಲುಗುತ್ತಿಲ್ಲ, ಸುತ್ತ ಒಬ್ಬರೂ ಇಲ್ಲವೆಂದು ಅವಕ್ಕೆ ಗೊತ್ತಿಲ್ಲ. ಅಲ್ಲಿ ದೂರದಲ್ಲಿ ನನ್ನ ಹುಡುಗಿ, ಇಲ್ಲಿ ಈ ಮುಖಗಳು, ಅಲ್ಲಿ ನೋಡಿದರೆ ನನ್ನಿಂದ ಏನೂ ಆಗುವುದಿಲ್ಲ, ಗೊತ್ತು, ಆದರೂ ಕಣ್ಣು ಕೀಳಲು ಆಗುತ್ತಿಲ್ಲ, ನಾನು ನೋಡುತ್ತಿರುವವರೆಗೆ ಅವಳು ಮುಳುಗುವುದಿಲ್ಲ ಅನ್ನಿಸುತ್ತದೆ, ಕಾಲೇಜು ಓದಿದವಳಿಗೆ ಹಾಗೆ ಅನ್ನಿಸಬಾರದು, ಅನ್ನಿಸಿತು — ತಲೆಯ ಮೇಲೆ ಮರ ಕಿರುಗುಟ್ಟಿತು, ಯಾರೋ ಏದುಸಿರು ಬಿಡುತ್ತಾ ಕುರ್ಚಿ ಹತ್ತುತ್ತಿದ್ದಾರೆ, ಅಡ್ಡಪಟ್ಟಿಯ ಮೇಲೆ ಪಾಲಿಶು ಮಾಡಿದ ಬೂಟು, ಮಂಡಿ ಲಟಕ್ಕೆಂದಿತು, ಮೇಲಿಂದ ದನಿ, ನನ್ನತ್ತ ತಿರುಗದ ದನಿ, ನೀರಿಗೇ ಹೇಳಿದ ಹಾಗೆ, ಅಮ್ಮಾ, ನಿಮ್ಮ ಹುಡುಗೀನ ನಾನು ನೋಡ್ತಿರ್ತೀನಿ, ಕಣ್ಣು ತೆಗೆಯಲ್ಲ, ನೀವು ಹೋಗಿ. ನಾನು ಬೆನ್ನು ತಿರುಗಿಸಿದೆ. ನನ್ನ ಜೀವಮಾನದಲ್ಲಿ ಅಷ್ಟು ಭಾರದ ಬೆನ್ನನ್ನು ತಿರುಗಿಸಿದ್ದಿಲ್ಲ. ನೀರು ತಣ್ಣಗಿತ್ತು, ಚಪ್ಪಲಿಯನ್ನು ಕೆಸರು ಎಳೆದುಕೊಂಡಿತು, ಬಟ್ಟೆ ಉಬ್ಬಿ ಸುತ್ತ ತೇಲಿತು, ಮಂಡಿ, ತೊಡೆ, ಸೊಂಟ, ಈ ಕೆರೆಯ ಊರಿನಲ್ಲಿ ಇಷ್ಟು ವರ್ಷ ಬದುಕಿ ಪಾದಕ್ಕಿಂತ ಮೇಲೆ ನೀರು ತಾಗಿಸಿಕೊಂಡವಳಲ್ಲ ನಾನು, ಈಜಂತೂ ಮೊದಲೇ ಬಾರದು, ಹಗ್ಗ ಹಿಡಿದುಕೊಂಡೆ, ಮೊದಲ ತಲೆ ಮುಟ್ಟಿದೆ. ಕಣ್ಣು ತೆರೆಯಿತು, ನಿಂತಿತು, ಅಜ್ಜಿ ನೀವಾ ಎಂದಿತು. ಹೌದು ಕಂದ, ಹಗ್ಗ ಹಿಡ್ಕೋ. ಎರಡನೆಯದು. ಮೂರನೆಯದಕ್ಕೆ ಮುಂದಿನ ಹಲ್ಲಿಲ್ಲ, ಅಷ್ಟು ಹೊತ್ತೂ ನಗುತ್ತಲೇ ಮಲಗಿತ್ತೋ ಏನೋ. ಮುಟ್ಟುತ್ತಾ ಹೋದೆ, ನನ್ನ ಹಿಂದೆ ದೂರದಲ್ಲಿ ಏನಾಗುತ್ತಿದೆ ಎಂದು ಪ್ರತಿ ತಲೆಗೂ ಕೇಳುತ್ತಾ ಹೋದೆ, ಬಾಯಿಬಿಟ್ಟಲ್ಲ, ಕೈಯಲ್ಲಿ. ಕೊನೆಯಲ್ಲಿ, ಎಲ್ಲರಿಂದ ಸ್ವಲ್ಪ ದೂರ ತೇಲಿಹೋದದ್ದು ಒಂದು, ಕೆಂಪು ಟೋಪಿಯ ಹುಡುಗಿ, ಎಲ್ಲರಿಗಿಂತ ಚಿಕ್ಕವಳು, ನೀರಿನ ಮೇಲೆ ಮುಖ ಮಾತ್ರ, ಒಂದು ಕೈ ಹಗ್ಗದ ತುದಿಯಲ್ಲಿ, ಬಾಯಿ ಗಟ್ಟಿಯಾಗಿ ಮುಚ್ಚಿದೆ, ಕಣ್ಣು ಗಟ್ಟಿಯಾಗಿ ಮುಚ್ಚಿದೆ, ಹುಬ್ಬಿನ ನಡುವೆ ಒಂದು ಗೆರೆ, ಕಾಯುತ್ತಿದೆ.

ಬಂದ್ರಮ್ಮಾ, ಎಂದು ಕುರ್ಚಿಯಿಂದ ಕೂಗು ಬಂತು, ಹಿಡಿದು ತಂದ್ಳು, ಉಸಿರಿದೆ, ಇಬ್ಬರಿಗೂ ಇದೆ. ಆಮೇಲಿನದು ತುಂಡು ತುಂಡು, ಮರಳಿನ ಮೇಲೆ ಆ ಮನುಷ್ಯ ಮಗ್ಗುಲಾಗಿ ಬಿದ್ದು ನೀರು ಕಕ್ಕುತ್ತಿದ್ದ, ಮುಖ ಬೂದಿ ಬಣ್ಣಕ್ಕೆ ತಿರುಗಿತ್ತು, ನರ್ಸಿಂಗ್ ಹುಡುಗಿ ಅವನ ಬೆನ್ನು ಹಿಡಿದಿದ್ದಳು, ಆಂಬುಲೆನ್ಸಿನವರು ಬದುಕ್ತಾರೆ, ಆದ್ರೆ ಒಂದೆರಡು ದಿನ ಇಟ್ಕೋಬೇಕು, ಶ್ವಾಸಕೋಶಕ್ಕೆ ನೀರು ಹೋಗಿದೆ ಎಂದರು, ಅವನ ಹೆಂಡತಿ ಕಡ್ಡಿಯ ಒದ್ದೆ ತೋಳು ಹಿಡಿದು ಅಲ್ಲಾಡಿಸಿದಳು, ಆ ಕಡೆ ಕುರ್ಚೀಲಿ ಯಾಕೆ ಯಾರೂ ಇರಲಿಲ್ಲ, ನನ್ನ ಗಂಡ ಸಾಯ್ತಿದ್ರೆ ನೀವು ಮಕ್ಕಳನ್ನ ಆಟ ಆಡಿಸ್ತಿದ್ರಾ, ನಾನು ನಡುವೆ ಹೋಗಬೇಕೆಂದಿದ್ದೆ, ಕಡ್ಡಿ ನನಗೆ ಅವಕಾಶ ಕೊಡಲಿಲ್ಲ, ನೀರು ನೋಡುತ್ತಾ ಮಾತಾಡುವವಳು ಈ ಸಲ ಆಕೆಯ ಮುಖವನ್ನೇ ನೋಡಿ ಹೇಳಿದಳು, ಹೌದಮ್ಮ, ಆ ಕುರ್ಚಿ ಖಾಲಿ ಮಾಡಿಸಿದ್ದು ನಾನೇ, ಅಲ್ಲಿ ಯಾರಾದ್ರೂ ಇದ್ದಿದ್ರೆ ಇನ್ನೂ ಬೇಗ ಸಿಗ್ತಿದ್ರು, ಬೈಯಿರಿ. ಆಕೆ ಬೈಯಲಿಲ್ಲ, ಅತ್ತಳು, ಬರಿಗಾಲಲ್ಲಿ ಆಂಬುಲೆನ್ಸ್ ಹತ್ತಲು ಹೊರಟವಳಿಗೆ ನರ್ಸಿಂಗ್ ಹುಡುಗಿ ತನ್ನ ಚಪ್ಪಲಿ ಬಿಟ್ಟು ಮುಂದಿಟ್ಟಳು, ಆಕೆ ಅದನ್ನು ನೋಡದೆಯೇ ಮೆಟ್ಟಿಕೊಂಡಳು. ನಾನು ಮಗಳು ಕೊಟ್ಟ ಟವೆಲ್ಲನ್ನು ಕಡ್ಡಿಯ ಹೆಗಲಿಗೆ ಹೊದಿಸಿದೆ, ಅಜ್ಜಿ, ನೀನ್ಯಾಕೆ ಒದ್ದೆ, ಎಂದಳು, ಆಗಲೇ ಅವಳಿಗೆ ಗೊತ್ತಾದದ್ದು, ಜೊತೆಗಾರರ ಕಡೆ ತಿರುಗಿದಳು, ಮಕ್ಕಳ ಹತ್ರ ಯಾರಿದ್ರಿ. ಬೇಕರಿಯವನು ಅಷ್ಟು ದೊಡ್ಡ ತೋಳಿನಲ್ಲಿ ಮುಖ ಮುಚ್ಚಿಕೊಂಡ, ನಾನು ಉಳೀಬೇಕಿತ್ತು ಕಡ್ಡಿ, ನನ್ನ ಸರದಿ, ಸೀಟಿ ಕೇಳಿದ ಕೂಡಲೇ ಕಾಲೇ ಓಡಿಬಿಡ್ತು. ನನ್ನದೂ, ಎಂದಳು ನರ್ಸಿಂಗ್ ಹುಡುಗಿ. ಮುಂದೆ ಬರೋರಿಗೋಸ್ಕರ ಅಂತ ಅಷ್ಟು ಮಾತಾಡಿದ್ವಿ, ಎದುರಿಗೆ ಒಬ್ಬ ಮುಳುಗಿದ ಕೂಡಲೇ ಎಲ್ಲಾನೂ ಬಿಟ್ಟು ಓಡಿದ್ವಲ್ಲ, ಎಂದು ಕಡ್ಡಿ ಮರಳಿಗೆ ಹೇಳಿದಳು, ಇನ್ನು ಸಂಜೆ ಕೈ ಎತ್ತೋದೇ ಬೇಡ, ಮುಗೀತು. ಓಡದೇ ಇದ್ದಿದ್ರೆ ಇವತ್ತೇ ಸಂಘದಿಂದ ಆಚೆ ಹಾಕ್ತಿದ್ದೆ ನಿಮ್ಮನ್ನ, ಎಂದಿತು ಮೇಲಿನ ದನಿ. ಎಲ್ಲರೂ ತಲೆಯೆತ್ತಿದರು. ಇಸ್ತ್ರಿಯ ಪ್ಯಾಂಟಿನಲ್ಲಿ ಸೀಟಿ ಮಾಮ ಇನ್ನೂ ಅಲ್ಲೇ ಕೂತಿದ್ದರು, ಕಣ್ಣು ಕೆರೆಯ ಮೇಲೆ. ಓಡದ ಹಾಗೆ ನಿಮ್ಮನ್ನ ತಯಾರು ಮಾಡಿಲ್ಲ ನಾನು, ಆದ್ರೆ ಒಂದು ಮಾತು, ಆ ಸಾಲು ನೋಡಿದೆ ಇಲ್ಲಿಂದ, ಒಂದೂ ಏಳಲಿಲ್ಲ, ಒಂದೂ ನೀರು ಕುಡೀಲಿಲ್ಲ, ಇಷ್ಟು ವರ್ಷ ಕೂತಿದ್ದೀನಿ ಇದರ ಮೇಲೆ, ಸೀಟಿ ಊದಿದ ಮೇಲೆ ಇಷ್ಟು ಸದ್ದಿಲ್ಲದ ನೀರನ್ನ ನೋಡಿಲ್ಲ. ಮಾಮ, ನೀವು ಬರಲ್ಲ ಅಂದಿದ್ರಿ. ಬಂದಿಲ್ಲಮ್ಮ, ಕಡಲೆಕಾಯಿ ತಗೊಳ್ಳೋಕೆ ಬಂದೆ. ಬೇಕರಿಯವನು ಅಳುತ್ತಲೇ ನಕ್ಕ. ಸಂಜೆ ಕೈ ಎತ್ತೋದು ಎತ್ತಿ, ಪಾಠ ನಡೀಲಿ ಅಂತ ನನ್ನದೂ ಏಳುತ್ತೆ, ಆದ್ರೆ ಎರಡನೇ ಕುರ್ಚಿ ನನಗೆ ಬೇಕು, ಮಂಡಿ ಹೋಗಿದ್ದರೆ ಏನು, ಕಣ್ಣು ಹೋಗಿಲ್ಲ, ನೋಡಿ ಊದೋಕೆ ಮಂಡಿ ಯಾಕೆ, ಮತ್ತೆ ಮಕ್ಕಳ ಹತ್ರ ನಿಲ್ಲೋಕೆ, ಸೀಟಿ ಊದಿದ್ರೂ ಓಡದೇ ಇರೋರು ಇಬ್ಬರನ್ನ ಹುಡುಕಿ. ಅಂಥೋರು ನಮ್ಮಲ್ಲಿ ಯಾರಿದ್ದಾರೆ ಮಾಮ. ನಿಮ್ಮಲ್ಲಿ ಎಲ್ಲಿ ಸಿಗ್ತಾರೆ, ಈಜು ಬರೋರು ಓಡೇ ಓಡ್ತಾರೆ, ಈಜು ಬಾರದೋರನ್ನ ಹುಡುಕಿ. ಐದು ತಲೆಗಳು ನಿಧಾನವಾಗಿ ನನ್ನ ಕಡೆ ತಿರುಗಿದವು, ನನ್ನ ಬಟ್ಟೆಯಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು. ಅಜ್ಜಿ, ಎಂದಳು ಕಡ್ಡಿ. ಸುಮ್ನಿರೇ, ಎಂದೆ.

ಈಗ ಮಕ್ಕಳು ಬಿಸ್ಕತ್ತು ತಿನ್ನುತ್ತಿದ್ದಾರೆ, ಪಾಠ ಅರ್ಧಕ್ಕೇ ನಿಲ್ಲಬಾರದು ಎಂದು ಕಡ್ಡಿ ನೀರಿಗಿಳಿದಿದ್ದಾಳೆ, ತುಟಿ ಇನ್ನೂ ನೀಲಿ, ದನಿ ಮಾತ್ರ ಗಟ್ಟಿ, ಯಾರ್ಯಾರಿಗೆ ಹೆದರಿಕೆ ಆಯ್ತು, ಹೇಳಿ, ನನಗಂತೂ ಆಯ್ತು ಎನ್ನುತ್ತಿದ್ದಾಳೆ, ನಾಯಕಿಯಾದವಳು ಹಾಗೆ ಹೇಳಬಹುದೆಂದು ನಮ್ಮ ಕಾಲದಲ್ಲಿ ಯಾರಿಗೂ ಗೊತ್ತಿರಲಿಲ್ಲ, ಸೀಟಿ ಮಾಮ ಕೆಸರಿನಿಂದ ನನ್ನ ಚಪ್ಪಲಿ ಹುಡುಕಿಸಿ, ತೊಳೆಸಿ, ಬಿಸಿಲಿಗಿಡಿಸಿದ್ದಾರೆ, ನಾನು ಕುರ್ಚಿಯ ಬುಡದಲ್ಲಿ ಒಣಗುತ್ತಾ ಕೂತಿದ್ದೇನೆ, ಮುಂದಿನ ರಜೆಗೆ ಹಗುರ ಬಟ್ಟೆ ಹಾಕಿಕೊಳ್ಳಬೇಕು, ಜೊತೆಗೊಬ್ಬರು ಬೇಕಲ್ಲ, ಕೆಳಗಿನ ಮನೆಯ ನಿವೃತ್ತ ಟೀಚರನ್ನು ಕೇಳೋಣ, ಅವರಿಗೂ ಈಜು ಬಾರದು, ಮಂಡಿ ಗಟ್ಟಿಯಿದೆ, ಮಗಳಿಗೆ ಏನು ಹೇಳುವುದು, ನಿನ್ನ ಟವೆಲ್ಲು ಕೆಲಸಕ್ಕೆ ಬಂತು ಎಂದಷ್ಟೇ ಹೇಳುವುದು, ಅವಳು ತಿರುಗಿ ನೋಡುತ್ತಾಳೆ, ಆಮೇಲೆ ಎಲ್ಲ ಹೇಳುವುದು, ನಿನ್ನ ಮಗಳು ಒಬ್ಬನನ್ನು ಎಳೆದು ತಂದಳು ಎಂದು ಹೇಳುವುದು, ಅದನ್ನು ಎಲ್ಲರೂ ಹೇಳುತ್ತಾರೆ, ಇನ್ನೊಂದನ್ನು ನಾನು ಹೇಗೆ ಹೇಳಲಿ, ಜನರೆಲ್ಲ ದಡದಲ್ಲಿ ಆ ಒಬ್ಬನನ್ನು ನೋಡುತ್ತಿದ್ದಾಗ ಯಾರೂ ನೋಡದಿದ್ದ ಆ ನೀರು, ಯಾರೂ ಇರಲಿಲ್ಲ ಮಗಳೇ ಅಲ್ಲಿ, ನಾನು ಹೋಗುವವರೆಗೆ ಯಾರೂ — ಕೆಂಪು ಟೋಪಿ, ಹುಬ್ಬಿನ ನಡುವಿನ ಗೆರೆ, ನಾನು ಮುಟ್ಟಿದರೂ ಕಣ್ಣು ಬಿಡಲಿಲ್ಲ ಅವಳು, ಅಲೆ ತಾಗಿತು ಎಂದುಕೊಂಡಳೋ ಏನೋ, ಎರಡನೆಯ ಸಲ ಅಂಗೈ ಪೂರ್ತಿ ಇಟ್ಟೆ, ಆಗ ಬಿಟ್ಟಳು, ಆದರೆ ನನಗೆ ಕಾಣುತ್ತಿರುವುದು ಅದಕ್ಕೆ ಮೊದಲಿನದು, ಟೀ ಸುರಿದುಕೊಳ್ಳುತ್ತೇನೆ, ಅದೇ, ಕಡ್ಡಿಯ ದನಿ ಕೇಳಿಸಿಕೊಳ್ಳುತ್ತೇನೆ, ಅದೇ, ಅಗಲವಾದ ನೀರು, ಅದರ ಮೇಲೆ ಒಂದು ಚಿಕ್ಕ ಮುಖ, ಕಿವಿ ನೀರೊಳಗೆ, ಕಣ್ಣು ಮುಚ್ಚಿದೆ, ಯಾರ ಹೆಜ್ಜೆಯೂ ಕೇಳಿಸದು, ಯಾರೋ ಬಂದೇ ಬರುತ್ತಾರೆಂದು ಮಲಗಿದ ಮುಖ, ಮೂಗಿನ ಮೇಲೆ ಒಂದು ಹನಿ, ಒರೆಸಿಕೊಳ್ಳುತ್ತಿಲ್ಲ, ಆ ಮುಖ —